ಕಪಿಲೆ ಬಾವಿಯ ವಾಟರ್ ಪೋಲೊ

ವಾಟರ್ ಪೋಲೊ ಅಂತ ಒಂದು ಆಟ ಇದೆ ಅನ್ನುವುದು ನನಗೆ ಗೊತ್ತಾಗಿದ್ದು ಬದನಗುಪ್ಪೆಯಲ್ಲಿ, ಫ್ಯಾಕ್ಟರಿಯ ಊಟದ ಬಿಡುವಿನಲ್ಲಿ, ಪಕ್ಕದಲ್ಲಿ ಕೂತವಳ ಫೋನಿನಲ್ಲಿ. ಅವಳು ಯಾವುದೋ ಅಡುಗೆ ವಿಡಿಯೊ ಹುಡುಕುತ್ತಿದ್ದಳು. ಬೆರಳು ಜಾರಿ ಇನ್ನೇನೋ ತೆರೆದುಕೊಂಡಿತು. ಕೊಳದ ತುಂಬ ಟೋಪಿ ಕಟ್ಟಿಕೊಂಡ ಹುಡುಗಿಯರು, ಒಬ್ಬಳ ಕೈಯಲ್ಲಿ ಹಳದಿ ಚೆಂಡು, ಅವಳ ಬೆನ್ನ ಮೇಲೆ ಇನ್ನೊಬ್ಬಳು. ಕಬಡ್ಡಿಯನ್ನು ಯಾರೋ ಎತ್ತಿ ನೀರಿಗೆ ಹಾಕಿದ ಹಾಗಿತ್ತು. ಅವಳು ಮುಂದಕ್ಕೆ ಸರಿಸಲು ಹೋದಾಗ ನಾನು ಅವಳ ಕೈ ಹಿಡಿದುಕೊಂಡೆ. ನನ್ನ ಮೊಸರನ್ನ ಡಬ್ಬಿಯಲ್ಲೇ ಉಳಿಯಿತು.

ಆ ವಾರವೆಲ್ಲ ಬಸ್ಸಿನಲ್ಲಿ ಅದನ್ನೇ ನೋಡಿದೆ. ನಿಯಮಗಳನ್ನು ಹುಡುಕಿ ಓದಿದೆ. ಒಂದೊಂದು ಕಡೆಗೆ ಏಳು ಜನ. ಗೋಲ್‌ಕೀಪರ್ ಬಿಟ್ಟು ಉಳಿದವರು ಒಂದೇ ಕೈಯಲ್ಲಿ ಚೆಂಡು ಹಿಡಿಯಬೇಕು. ಆಡುವಾಗ ತಳಕ್ಕೆ ಕಾಲು ಊರಬಾರದು. ಇದನ್ನು ಓದಿದಾಗ ಮಾತ್ರ ನನಗೆ ನಗು ಬಂತು. ನಾವು ಬಾವಿಯಲ್ಲಿ ಈಜು ಕಲಿತವರು. ಬಾವಿಯ ತಳ ಎಲ್ಲಿದೆ ಅಂತ ಯಾರಿಗೆ ಗೊತ್ತು? ನನ್ನ ದೊಡ್ಡಪ್ಪ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ನನ್ನನ್ನು ನೀರಿಗೆ ತಳ್ಳಿದಾಗ ನನಗೆ ಏಳು ವರ್ಷ. ಅಂದಿನಿಂದ ನೀರಿನಲ್ಲಿ ನೆಟ್ಟಗೆ ನಿಂತು, ಕಾಲನ್ನು ತಿರುಗಿಸುತ್ತಾ, ಪಕ್ಕದವಳ ಜೊತೆ ಹರಟೆ ಹೊಡೆಯುವುದು ಅಭ್ಯಾಸವಾಗಿಬಿಟ್ಟಿತ್ತು. ವಿಡಿಯೊದಲ್ಲಿ ಆ ಕಾಲು ತಿರುಗಿಸುವುದಕ್ಕೇ ತಿಂಗಳುಗಟ್ಟಲೆ ತರಬೇತಿ ಬೇಕು ಅಂದರು. ಅರ್ಧ ಆಟ ನಮ್ಮೂರಿನ ಹುಡುಗಿಯರಿಗೆ ಆಗಲೇ ಬರುತ್ತದೆ ಅಂತ ನನಗೆ ಅನಿಸಿದ್ದು ಅಲ್ಲಿ. ಆಗ ನನಗೆ ಇಪ್ಪತ್ತೆರಡು ವರ್ಷ. ಅನಿಸಿದ್ದನ್ನು ಮಾಡದೆ ಇರುವ ವಯಸ್ಸಲ್ಲ.

ನಮ್ಮೂರು ತೆರಕಣಾಂಬಿಯಿಂದ ಸ್ವಲ್ಪ ಒಳಗೆ. ಅಲ್ಲಿ ಅರಿಶಿನದ ಹೊಲದ ನಡುವೆ ಒಂದು ಕಪಿಲೆ ಬಾವಿ ಇದೆ. ಹಿಂದೆ ಎತ್ತು ಕಟ್ಟಿ, ಚರ್ಮದ ಚೀಲದಲ್ಲಿ ನೀರೆತ್ತುತ್ತಿದ್ದ ಕಾಲದ್ದು. ಚೌಕಾಕಾರ, ಒಂದು ಕಡೆ ಕಲ್ಲಿನ ಮೆಟ್ಟಿಲು, ಅಡ್ಡಕ್ಕೆ ಈಜಿದರೆ ಹತ್ತು ಹನ್ನೆರಡು ಕೈ. ನಾನು ಹೈಸ್ಕೂಲಿನಲ್ಲಿದ್ದಾಗ ಅದರಲ್ಲಿ ಮುಳ್ಳಿನ ಗಿಡ ಬೆಳೆದಿತ್ತು. ಸುತ್ತಲಿನ ಕೆರೆಗಳಿಗೆ ಪೈಪಿನಲ್ಲಿ ನೀರು ತುಂಬಿಸಲು ಶುರುಮಾಡಿದ ಮೇಲೆ ಬಾವಿಯಲ್ಲೂ ನೀರಿನ ಊಟೆ ಒಸರಿತು, ನೀರು ಮೆಟ್ಟಿಲ ಅರ್ಧಕ್ಕೆ ಏರಿತು.

ಬಾವಿ ಒಬ್ಬ ತಾತನದು. ನಮಗೆ ಸಂಬಂಧ ಇಲ್ಲ, ಆದರೆ ಊರಿನ ಮಕ್ಕಳಿಗೆಲ್ಲ ಅವರು ತಾತನೇ. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವೆಲು, ಕಂಕುಳಲ್ಲಿ ಸದಾ ಒಂದು ಕುಡುಗೋಲು. ನಾನು ಸ್ಕೂಲಿಗೆ ಹೋಗುವ ಏಳು ಹುಡುಗಿಯರನ್ನು ಸೇರಿಸಿ ಕಟ್ಟಿದ ತಂಡದಲ್ಲಿ ಅವರ ಮೊಮ್ಮಗಳೂ ಇದ್ದದ್ದರಿಂದ ಬಾವಿ ಸಿಕ್ಕಿತು. ಆದರೆ ಸುಮ್ಮನೆ ಸಿಗಲಿಲ್ಲ. ಬಾವಿಯ ಒಳಗೆ, ನೀರಿನ ಮೇಲೆ ಚಾಚಿದ ಕಟ್ಟೆಯ ಮೇಲೆ, ಮೋಟರು ಇತ್ತು. ಅದು ಓಡುವಾಗ ನೀರಿಗೆ ಕರೆಂಟು ಇಳಿದರೆ ಒಳಗಿದ್ದವರ ಕಥೆ ಮುಗಿದ ಹಾಗೆ. ಹೊಲಕ್ಕೆ ಕೊಡುವ ತ್ರೀ ಫೇಸ್ ಕರೆಂಟು ಒಂದು ವಾರ ಬೆಳಿಗ್ಗೆ, ಒಂದು ವಾರ ಮಧ್ಯಾಹ್ನ, ಕೆಲವೊಮ್ಮೆ ಯಾವಾಗ ಅಂತಲೇ ಇಲ್ಲ. ಕರೆಂಟು ಬಂದ ತಕ್ಷಣ ತಾನಾಗಿಯೇ ಓಡಲಿ ಅಂತ ತಾತ ಆಟೋ ಸ್ಟಾರ್ಟರ್ ಹಾಕಿಸಿದ್ದರು. ಅದನ್ನು ಆರಿಸಿಕೊಂಡು ಆಡುತ್ತೇವೆ ಅಂದರೆ ಒಪ್ಪಲಿಲ್ಲ, ಬಂದ ಕರೆಂಟು ಗಿಡದ್ದು ಅಂದರು. ಮೊದಲ ದಿನವೇ ಮೆಟ್ಟಿಲ ಮೇಲೆ ನಿಂತು ನಮಗೆ ಕಟ್ಟಳೆ ಹೇಳಿದರು.

"ಕರೆಂಟು ಯಾರ್ನೂ ಕೇಳ್ಕಂಡ್ ಬರಲ್ಲ ಕಣಮ್ಮಿ. ಮೋಟ್ರು ಗುಂಯ್ ಅಂದೇಟ್ಗ ಚೆಂಡು ಬುಡಿ, ಮ್ಯಾಕ್ ಬನ್ನಿ. ನಿಮ್ ಗೋಲು ಗೀಲು ಎಲ್ಲಾ ಆಮ್ಯಾಲ."

ಇನ್ನೊಂದು ಕಟ್ಟಳೆಯೂ ಇತ್ತು. ಎಲ್ಲರಿಗಿಂತ ಗಟ್ಟಿಯಾಗಿ ಈಜುವವಳು ಕೊನೆಗೆ ಹತ್ತಬೇಕು. ಉಳಿದವರನ್ನು ಎಣಿಸಿ, ಲೆಕ್ಕ ಸರಿಯಾದ ಮೇಲೆಯೇ ಅವಳು ಮೆಟ್ಟಿಲಿಗೆ ಕೈ ಹಾಕಬೇಕು. ನಾವು ಇದನ್ನು ಎಷ್ಟು ಸಲ ಮಾಡಿದೆವೋ ಗೊತ್ತಿಲ್ಲ. ಒಂದೇ ಸಂಜೆ ಮೂರು ಸಲ ಕರೆಂಟು ಬಂದು ಹೋದದ್ದೂ ಇದೆ. ಕೊನೆಕೊನೆಗೆ ಯಾರೂ ಯೋಚಿಸುತ್ತಲೇ ಇರಲಿಲ್ಲ. ಶಬ್ದ ಕಿವಿಗೆ ಬೀಳುವ ಹೊತ್ತಿಗೆ ಮೈ ಮೆಟ್ಟಿಲ ಮೇಲಿರುತ್ತಿತ್ತು. ಸೋಮವಾರ ಮಾತ್ರ ಪೂರ್ತಿ ನಮ್ಮದು. ಸೋಮವಾರ ತಾತ ಎತ್ತಿನ ಹೆಗಲಿಗೆ ನೊಗ ಇಡುವವರಲ್ಲ, ಎತ್ತಿಗೆ ರಜೆ ಅಂದಮೇಲೆ ಮೋಟರಿಗೂ ರಜೆ ಅನ್ನುವುದು ಅವರ ನ್ಯಾಯ. ಅವತ್ತು ಸ್ಕೂಲು ಬಿಟ್ಟ ಮೇಲೆ ಕತ್ತಲಾಗುವ ತನಕ ಆಡುತ್ತಿದ್ದೆವು.

ಗೋಲು ಅಂದರೆ ಹನಿ ನೀರಾವರಿಯ ಪೈಪು ಬಗ್ಗಿಸಿ, ಹಿಂದಕ್ಕೆ ಸಣ್ಣ ಈರುಳ್ಳಿ ತುಂಬುವ ಬಲೆ ಚೀಲ ಬಿಚ್ಚಿ ಕಟ್ಟಿದ್ದು. ಎರಡು ಗೋಲು ಇಡಲು ಜಾಗ ಇಲ್ಲ, ಒಂದೇ. ಎಲ್ಲರೂ ಅದಕ್ಕೇ ಹೊಡೆಯಬೇಕು. ಅದರಿಂದ ಲಾಭ ಆದದ್ದು ಒಬ್ಬಳಿಗೆ, ನಮ್ಮ ಕೀಪರ್‌ಗೆ. ಒಂದು ಸಂಜೆಗೆ ಅವಳ ಕಡೆ ಬರುತ್ತಿದ್ದಷ್ಟು ಚೆಂಡು ದೊಡ್ಡ ಊರಿನ ಕೀಪರ್‌ಗಳಿಗೆ ವಾರಕ್ಕೂ ಬರುತ್ತಿರಲಿಲ್ಲವೇನೋ.

ಅವಳು ತೆರಕಣಾಂಬಿಯಲ್ಲಿ ತಾಯಿಯ ತಾಯಿ ನಾನಿಯ ಮನೆಯಲ್ಲಿದ್ದುಕೊಂಡು ಒಂಬತ್ತನೇ ತರಗತಿ ಓದುತ್ತಿದ್ದಳು. ಅವಳ ಅಬ್ಬಾ ಗುಂಡ್ಲುಪೇಟೆಯಲ್ಲಿ ಹಾಸಿಗೆ ಹೊಲಿಯುತ್ತಿದ್ದರು. ಕಡಿಮೆ ಮಾತಿನ ಹುಡುಗಿ, ಉದ್ದ ಕೈ, ಮುಖಕ್ಕೆ ಚೆಂಡು ಬಂದರೂ ಕಣ್ಣು ಮುಚ್ಚುತ್ತಿರಲಿಲ್ಲ. ಬಾವಿಯಿಂದ ಕೊನೆಗೆ ಹತ್ತಿ ಬರುತ್ತಿದ್ದವಳೂ ಅವಳೇ. ವಾಟರ್ ಪೋಲೊ ಟೋಪಿಗೆ ಕಿವಿಯ ಮೇಲೆ ಗಟ್ಟಿ ರಕ್ಷೆ ಇರಬೇಕು, ಕೀಪರ್ ಟೋಪಿ ಕೆಂಪಾಗಿರಬೇಕು ಅಂತ ನಾನು ಫೋನಿನಲ್ಲಿ ತೋರಿಸಿದಾಗ ಅವಳ ಅಬ್ಬಾ ಕನ್ನಡಕ ಏರಿಸಿ ನೋಡಿ, ಇದು ಕಿವಿಗೆ ಹೊಲಿದ ದಿಂಬು ಅಲ್ಲವಾ ಅಂದರು. ಒಂದು ವಾರದಲ್ಲಿ ಹದಿಮೂರು ಟೋಪಿ ಬಂತು, ಪಂದ್ಯದಲ್ಲಿ ಯಾವ ಬಣ್ಣ ಕೇಳಿದರೂ ಇರಲಿ ಅಂತ ಬಿಳಿ ಆರು, ನೀಲಿ ಆರು, ಕೀಪರ್‌ಗೆ ಕೆಂಪು ಒಂದು. ಕೀಪರ್‌ಗೆ ಬೇಕಾದ ಕೆಂಪು ಬಟ್ಟೆ ಮಾತ್ರ ಅಂಗಡಿಯಲ್ಲಿ ಒಂದೇ ತರಹದ್ದು ಇತ್ತು, ಮದುವೆ ರಜಾಯಿಗೆ, ಅಂದರೆ ಹತ್ತಿ ತುಂಬಿದ ಹೊದಿಕೆಗೆ, ಹಾಕುವ ಹೂವಿನದು. ಹಾಗಾಗಿ ನಮ್ಮ ಕೀಪರ್ ತಲೆ ತುಂಬ ಚಿನ್ನದ ಬಣ್ಣದ ಹೂ.

ಹೀಗೆ ಒಂದು ವರ್ಷ ಕಳೆಯಿತು. ಆಮೇಲೆ ಮೈಸೂರಿನಲ್ಲಿ ಹದಿನಾರರ ಒಳಗಿನ ಹುಡುಗಿಯರಿಗೆ ವಿಭಾಗ ಮಟ್ಟದ ಪಂದ್ಯ ಇದೆ, ಚೆನ್ನಾಗಿ ಆಡುವವರನ್ನು ಆರಿಸಿ ರಜೆಯಲ್ಲಿ ತರಬೇತಿ ಕೊಡುತ್ತಾರೆ ಅನ್ನುವ ಸುದ್ದಿ ಸಿಕ್ಕಿತು. ಚಾಮರಾಜನಗರಕ್ಕೆ ಹೋಗಿ ಅರ್ಜಿ ಕೊಟ್ಟೆ. ಅರ್ಜಿ ತೆಗೆದುಕೊಂಡವರು, ನಮ್ಮ ಜಿಲ್ಲೆಯಿಂದಲಾ ಅಂತ ಎರಡು ಸಲ ಕೇಳಿದರು.

ಅದೇ ವಾರ ತಾತ ಬಾವಿಗೆ ಕಬ್ಬಿಣದ ಜಾಲರಿ ಮಾಡಿಸಲು ವೆಲ್ಡಿಂಗ್ ಅಂಗಡಿಗೆ ಹೇಳಿ ಬಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗೂ ಇರಲಿಲ್ಲ. ತೆರೆದ ಬಾವಿ, ಸುತ್ತ ಕಟ್ಟೆ ಇಲ್ಲ, ಈಜು ಬರುವ ನಮ್ಮನ್ನು ನೋಡಿ ಈಜು ಬಾರದ ಚಿಕ್ಕ ಮಕ್ಕಳೂ ಬಂದು ಇಣುಕುತ್ತಿದ್ದರು. ಅವರ ಮಕ್ಕಳೂ ದಿನಾ ಗಲಾಟೆ ಮಾಡುತ್ತಿದ್ದರಂತೆ. ಪೈಪು ಇಳಿಯುವಷ್ಟು ಜಾಗ ಬಿಟ್ಟು ಬಾವಿಯ ಬಾಯಿಗೆ ಪೂರ್ತಿ ಜಾಲರಿ ಮುಚ್ಚುವುದು ಅಂತ ತೀರ್ಮಾನ ಆಗಿತ್ತು. ನಾನು ಬೇಡಿಕೊಂಡೆ. ಕೊನೆಗೆ ಅವರು ಒಂದು ಷರತ್ತು ಹಾಕಿದರು.

"ನಿಮ್ಮಲ್ಲಿ ಒಬ್ಳ್ನಾರ ಆ ಮೈಸೂರ್ನೋರು ಆರಿಸ್ಕಂಡ್ರ ಬಾವಿ ಮುಚ್ಚಲ್ಲ. ಇಲ್ದೆ ಓದ್ರ ಜಾಲರಿ ಬೀಳ್ತದ. ಆಮ್ಯಾಲ ಕಣ್ಣೀರ್ ಗಿಣ್ಣೀರ್ ಹಾಕ್ಕಂಡ್ ಬರಬ್ಯಾಡಿ."

ಅಷ್ಟೇ. ಏಳು ಹುಡುಗಿಯರಲ್ಲಿ ಒಬ್ಬಳು ಆಯ್ಕೆಯಾದರೆ ಬಾವಿ ಉಳಿಯುತ್ತದೆ. ನಾನು ಇದನ್ನು ಅವರಿಗೆ ಹೇಳಬಾರದಿತ್ತು, ಹೆದರುತ್ತಾರೆ. ಆದರೆ ನನ್ನ ಹೊಟ್ಟೆಯಲ್ಲಿ ಯಾವ ಮಾತು ನಿಲ್ಲುತ್ತದೆ? ಅದೇ ಸಂಜೆ ಹೇಳಿಬಿಟ್ಟೆ.

ಮೈಸೂರಿಗೆ ಬೆಳಗಿನ ಮೊದಲ ಬಸ್ಸಿಗೆ ಹೋದೆವು. ಏಳು ಜನ, ನಾನು, ಒಂದು ಚೀಲ ಪುಳಿಯೋಗರೆ. ಕೊಳ ನೋಡಿ ಹುಡುಗಿಯರು ದಡದಲ್ಲೇ ನಿಂತುಬಿಟ್ಟರು. ನೀರಿನ ತಳ ಕಾಣುತ್ತಿತ್ತು. ನಮಗೆ ಅದೇ ಭಯ, ತಳ ಕಾಣುವ ನೀರಿನಲ್ಲಿ ನಾವು ಯಾರೂ ಇಳಿದವರಲ್ಲ. ತಾತನ ಮೊಮ್ಮಗಳು, ತಂಡದಲ್ಲೇ ಚಿಕ್ಕವಳು, ಇದೇನಕ್ಕ ಯಾರೋ ಸೋಪಾಕಿ ತೊಳ್ದ್ಬುಟ್ಟವರ ಅಂತ ಪಿಸುಗುಟ್ಟಿದಳು. ಟೋಪಿ ಪರೀಕ್ಷೆ ಮಾಡುವ ಮೇಷ್ಟ್ರು ನಮ್ಮ ಕೀಪರ್ ತಲೆಯ ಹೂವುಗಳನ್ನು ನೋಡಿ, ಕಿವಿಯ ದಿಂಬನ್ನು ಎರಡು ಬೆರಳಲ್ಲಿ ಒತ್ತಿ, ಎಲ್ಲಿ ಕೊಂಡಿದ್ದು ಅಂತ ಕೇಳಿದರು. ಅವಳು ಅಬ್ಬಾ ಹೊಲಿದದ್ದು ಅಂದಳು. ಕೆಂಪು ಅಂತೂ ಹೌದು ಅಂತ ನಕ್ಕು ಬಿಟ್ಟರು.

ನಮ್ಮ ಎದುರಿಗೆ ಬಂದದ್ದು ಪಟ್ಟಣದ ತಂಡ. ಉದ್ದಕ್ಕೆ ಈಜುವುದರಲ್ಲಿ ಅವರ ಮುಂದೆ ನಾವು ಏನೇನೂ ಅಲ್ಲ. ನಮ್ಮವರು ಹನ್ನೆರಡು ಕೈ ಹಾಕಿ ಗೋಡೆ ಹುಡುಕುತ್ತಿದ್ದರು. ಗೋಡೆ ಇನ್ನೂ ಎಷ್ಟೋ ದೂರ. ಮೊದಲ ಭಾಗ ಮುಗಿಯುವಾಗ ಅವರಿಗೆ ಮೂರು ಗೋಲು, ನಮಗೆ ಒಂದು. ಆದರೂ ನನಗೆ ಖುಷಿ. ಆಳ ಕಡಿಮೆ ಇರುವ ಕಡೆ ಅವರ ಹುಡುಗಿಯರು ಸುಸ್ತಾದಾಗ ಕಾಲೂರಿಬಿಡುತ್ತಿದ್ದರು, ಸೀಟಿ ಬೀಳುತ್ತಿತ್ತು. ನಮ್ಮವರಿಗೆ ತಳ ಅನ್ನುವುದೊಂದು ಇದೆ ಅನ್ನುವುದೇ ನೆನಪಿಲ್ಲ. ಒಂದೇ ಜಾಗದಲ್ಲಿ ಸೊಂಟದ ತನಕ ಮೇಲೆದ್ದು ಚೆಂಡು ಕಸಿದುಕೊಳ್ಳುತ್ತಿದ್ದರು. ದಡದಲ್ಲಿ ಆಯ್ಕೆ ಮಾಡಲು ಕೂತಿದ್ದ ಮೇಡಂ ಒಬ್ಬರು ಏನೋ ಬರೆದುಕೊಳ್ಳುವುದು ಕಂಡಿತು. ಎರಡನೆಯ ಭಾಗದಲ್ಲಿ ನಾವು ಇನ್ನೊಂದು ಹೊಡೆದೆವು. ಮೂರು, ಎರಡು. ನಾನು ದಡದಲ್ಲಿ ಕುಣಿಯುವುದೊಂದು ಬಾಕಿ.

ಆಗ ಕೊಳದ ಹಿಂದಿನ ಕೋಣೆಯಲ್ಲಿ ನೀರು ಶುದ್ಧ ಮಾಡುವ ಮೋಟರು ಶುರುವಾಯಿತು.

ಗುಂಯ್ ಅಂತ. ಅದೇ ಶಬ್ದ.

ನನ್ನ ಬಾಯಿಂದ ಬೇಡ ಅನ್ನುವ ಮಾತು ಬರುವ ಮೊದಲೇ ನಮ್ಮ ಆರು ಹುಡುಗಿಯರು ಚೆಂಡು ಬಿಟ್ಟು, ದಡ ಹಿಡಿದು, ಮೇಲೆ ಹಾರಿ ಆಗಿತ್ತು. ಆಟದ ನಡುವೆ. ನೀರು ಸುರಿಸಿಕೊಂಡು ಸಾಲಾಗಿ ದಡದಲ್ಲಿ ನಿಂತರು. ಎದುರಾಳಿಗಳು ಪಾಪ, ಏನಾಯಿತು ಅಂತ ತಮ್ಮ ಕಾಲಿನ ಸುತ್ತ ನೋಡಿಕೊಂಡರು, ಹಾವು ಗೀವು ಬಂತೋ ಅಂತ. ನೋಡುತ್ತಿದ್ದವರು ಮೊದಲು ಗಾಬರಿಯಾದರು, ಆಮೇಲೆ ನಗಲು ಶುರು ಮಾಡಿದರು. ನಾನೂ ಒಂದು ಕ್ಷಣ ನನಗೇ ತಿಳಿಯದೆ ಎರಡು ಹೆಜ್ಜೆ ಹಿಂದಕ್ಕೆ ಸರಿದಿದ್ದೆ.

ನೀರಿನಲ್ಲಿ ಉಳಿದವಳು ಕೀಪರ್ ಒಬ್ಬಳೇ. ಗೋಲಿನ ಮುಂದೆ ನೆಟ್ಟಗೆ ನಿಂತು, ದಡದ ಕಡೆ ನೋಡುತ್ತಾ ಎಣಿಸುತ್ತಿದ್ದಳು. ತುಟಿ ಅಲುಗಾಡುವುದು ನನಗೆ ಕಾಣುತ್ತಿತ್ತು. ಅಷ್ಟರಲ್ಲಿ ಎದುರಿನವಳೊಬ್ಬಳಿಗೆ ಬುದ್ಧಿ ಬಂತು, ಚೆಂಡು ಎತ್ತಿ ಹೊಡೆದಳು. ಇವಳು ಎಣಿಸುವುದನ್ನು ನಿಲ್ಲಿಸದೆ ಒಂದು ಕೈ ಎತ್ತಿ ತಡೆದಳು. ಚೆಂಡು ಅವರಿಗೇ ಹೋಯಿತು. ಮತ್ತೆ ಹೊಡೆದರು, ಈ ಸಲ ಎರಡೂ ಕೈ ಚಾಚಿ ಪಕ್ಕಕ್ಕೆ ತಳ್ಳಿದಳು. ಸೀಟಿ ಬಿತ್ತು.

ಅನುಮತಿ ಇಲ್ಲದೆ ನೀರು ಬಿಟ್ಟು ಹೋಗುವುದು ತಪ್ಪು, ಇಪ್ಪತ್ತು ಸೆಕೆಂಡು ಹೊರಗಿರಬೇಕು. ಒಬ್ಬರಿಗೆ ಹಾಕುವ ಶಿಕ್ಷೆಯನ್ನು ಒಟ್ಟಿಗೆ ಆರು ಜನಕ್ಕೆ ಹಾಕಿದ್ದು ತಮ್ಮ ಜೀವನದಲ್ಲಿ ಇದೇ ಮೊದಲು ಅಂತ ರೆಫರಿ ಆಮೇಲೆ ಹೇಳಿದರು. ಆ ಇಪ್ಪತ್ತು ಸೆಕೆಂಡು ಅವಳೊಬ್ಬಳು, ಎದುರಿಗೆ ಏಳು ಜನ. ಇನ್ನೊಂದು ತಡೆದಳು, ಅದರ ನಂತರದ್ದು ಒಳಗೆ ಹೋಯಿತು. ಆರು ಜನ ತಲೆ ತಗ್ಗಿಸಿ ಮತ್ತೆ ನೀರಿಗಿಳಿದರು. ಆದರೆ ಮೋಟರು ಗುಂಯ್ ಅನ್ನುತ್ತಲೇ ಇತ್ತು. ಅದರ ಜೊತೆ ನೀರಿನಲ್ಲಿರುವುದು ಅವರಿಂದ ಆಗಲಿಲ್ಲ. ಚೆಂಡು ಬಂದರೂ ಕಣ್ಣು ಆ ಕೋಣೆಯ ಕಡೆಗೇ. ಎಂಟು, ಎರಡಕ್ಕೆ ಸೋತೆವು.

ಆಟ ಮುಗಿದ ಮೇಲೆ ಆಯ್ಕೆಯ ಮೇಡಂ ನಮ್ಮ ಕೀಪರ್ ಹತ್ತಿರ ಬಂದು, ಎಲ್ಲರೂ ಓಡಿಹೋದಾಗ ನೀನು ಯಾಕಮ್ಮ ಹೋಗಲಿಲ್ಲ ಅಂತ ಕೇಳಿದರು.

"ಎಣಿಸ್ತಾ ಇದ್ದೆ ಮೇಡಂ," ಅಂದಳು. "ಆರು ಜನ ಆಗ್ಬೇಕಿತ್ತು."

ಮೇಡಂ ಅದನ್ನೂ ಬರೆದುಕೊಂಡು ಹೋದರು. ಸಂಜೆ ಹೆಸರು ಓದಿದರು. ಹದಿಮೂರು ಹೆಸರಿನಲ್ಲಿ ನಮ್ಮವರದು ಒಂದೂ ಇಲ್ಲ. ಕೊನೆಗೆ, ಯಾರಾದರೂ ಬಾರದಿದ್ದರೆ ಕರೆಯುತ್ತೇವೆ ಅಂತ ಇನ್ನೂ ಎರಡು ಹೆಸರು ಓದಿದರು. ಅದರಲ್ಲಿ ಎರಡನೆಯದು ನಮ್ಮ ಕೀಪರ್‌ದು.

ಬಸ್ಸು ನಂಜನಗೂಡು ದಾಟಿತು. ಪುಳಿಯೋಗರೆ ಹಾಗೇ ಇತ್ತು. ಆಮೇಲೆ ನಾನೇ ಮಾತು ಶುರು ಮಾಡಿದೆ. ಕಾಯುವ ಪಟ್ಟಿ ಅಂದರೂ ಆಯ್ಕೆ ಪಟ್ಟಿಯೇ, ಅಲ್ಲಿ ಹೆಸರು ಓದಿದರು ಅಂತ ಹೇಳಿದರೆ ಸಾಕು, ಮೋಟರಿನ ವಿಷಯ ತಾತನ ಮುಂದೆ ಎತ್ತುವುದೇ ಬೇಡ ಅಂದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಅವತ್ತು ನನಗೆ ಅದು ಸುಳ್ಳು ಅಂತಲೇ ಅನಿಸಿರಲಿಲ್ಲ. ಕೆಲವರು ತಲೆಯಾಡಿಸಿದರು. ಕೀಪರ್ ಕಿಟಕಿಯ ಕಡೆ ತಿರುಗಿದ್ದಳು. ತಾತನ ಮೊಮ್ಮಗಳು ಮಾತ್ರ ಒಪ್ಪಲಿಲ್ಲ, ಅವರ ಮನೆಯಲ್ಲಿ ಒಂದು ರೊಟ್ಟಿ ಹೆಚ್ಚು ತಿಂದರೂ ತಾತ ಮುಖ ನೋಡಿ ಕಂಡುಹಿಡಿಯುತ್ತಾರಂತೆ.

ಮರುದಿನ ಬೆಳಿಗ್ಗೆ ಎಲ್ಲರೂ ಬಾವಿಯ ಹತ್ತಿರ ಹೋದರೆ ಜಾಲರಿ ಆಗಲೇ ಬಂದಿತ್ತು. ನಾಲ್ಕು ದೊಡ್ಡ ಚೌಕಟ್ಟು, ಕೆಂಪು ಬಣ್ಣ ಹೊಡೆದು, ಹೊಂಗೆ ಮರಕ್ಕೆ ಒರಗಿಸಿದ್ದರು. ತಾತ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ವೆಲ್ಡಿಂಗ್‌ನವನು ಬೀಡಿ ಸೇದುತ್ತಾ ನಿಂತಿದ್ದ. ಏನಾಯಿತು ಅಂತ ತಾತ ಕೇಳಿದರು. ನಾನು ಪಟ್ಟಿ, ಹೆಸರು, ಓದಿದರು ಅಂತ ಶುರು ಮಾಡಿದೆ. ಎರಡು ಮಾತು ಮುಗಿಯುವ ಮೊದಲೇ ಮೊಮ್ಮಗಳು ನನ್ನ ಬೆನ್ನ ಹಿಂದಿನಿಂದ ಬಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಮೋಟರು ಶುರುವಾದದ್ದು, ಎಲ್ಲರೂ ಮೇಲೆ ಹಾರಿದ್ದು, ಜನ ನಕ್ಕಿದ್ದು, ಎಂಟು ಎರಡು, ಯಾರೂ ಆಯ್ಕೆಯಾಗದೆ ಕೀಪರ್ ಮಾತ್ರ ಕಾಯುವ ಪಟ್ಟಿಯಲ್ಲಿರುವುದು.

ವೆಲ್ಡಿಂಗ್‌ನವನು ನಗುತ್ತಾ ಬೀಡಿ ಬೀಳಿಸಿಕೊಂಡ. ತಾತ ನಗಲಿಲ್ಲ.

"ಎಲ್ಲಾರೂವ ಮ್ಯಾಕ್ ಬಂದ್ರಾ?"

"ಬಂದೋ ತಾತ. ಆರ್ ಜನವೂವ," ಅಂದಳು ಮೊಮ್ಮಗಳು.

"ಸಾಬ್ರ ಕೂಸು?"

ಕೀಪರ್ ತಾನೇ ಉತ್ತರ ಕೊಟ್ಟಳು. "ನಾನು ಎಣಿಸ್ತಾ ಇದ್ದೆ ತಾತ. ಆರನೇದು ಎಣಿಸಿದ ಮೇಲೆ ಇದು ನಮ್ಮ ಬಾವಿ ಅಲ್ಲ ಅಂತ ಗೊತ್ತಾಯ್ತು. ಅದಕ್ಕೇ ಅಲ್ಲೇ ಇದ್ದೆ."

ತಾತ ಟವೆಲಿನಿಂದ ಮುಖ ಒರೆಸಿಕೊಂಡರು. ಬಾವಿಯೊಳಗೆ ನೋಡಿದರು, ಮೋಟರಿನ ಕಡೆ ನೋಡಿದರು, ಆಮೇಲೆ ನಮ್ಮನ್ನು ಒಬ್ಬೊಬ್ಬರಾಗಿ ನೋಡಿದರು. ನನ್ನ ಮೇಲೆ ಕಣ್ಣು ಸ್ವಲ್ಪ ಹೆಚ್ಚು ಹೊತ್ತೇ ನಿಂತಿತು. ನಾನು ನೆಲ ನೋಡಿದೆ.

"ನಾನು ತಿಳ್ಕಂಡಿದ್ದಿ, ನಾನಿಲ್ಲಿ ಕೂತಿರ ತಂಕ ನನ್ ಮಾತು ಕೇಳ್ತವ, ಆಮ್ಯಾಲ ಗಾಳಿಗ ಬುಟ್ಬುಡ್ತವ ಅಂತ," ಅಂದರು. "ಮೈಸೂರ್ಗ ಓಗಿ, ಅಷ್ಟು ಜನದ ಮುಂದ, ಆಟ ಸೋತ್ರೂವ ನನ್ ಮಾತ್ನೇ ಕೇಳವರ ನೋಡು."

ಆಮೇಲೆ ವೆಲ್ಡಿಂಗ್‌ನವನ ಕಡೆ ತಿರುಗಿ, ಜಾಲರಿಯನ್ನು ಬಾವಿಯ ಮೇಲೆ ಮುಚ್ಚುವುದು ಬೇಡ, ಸುತ್ತ ಬೇಲಿಯ ಹಾಗೆ ನಿಲ್ಲಿಸು, ಮೆಟ್ಟಿಲ ಕಡೆ ಬಾಗಿಲು ಇಡು, ಬೀಗ ಹಾಕಬೇಕು ಅಂದರು. ಅವನಿಗೆ ತಲೆ ಕೆಟ್ಟಿತು.

"ಮಲಗ್ಸಕ ಅಂತ ಮಾಡ್ಸ್ಬುಟ್ಟು ಈಗ ನಿಲ್ಸು ಅಂತೀರಲ್ಲ, ಕಂಬ ಎಲ್ಲಿಂದ ತರ್ಲಿ?"

"ನಿನ್ ಅಂಗಡೀಲಿ ಕಂಬ ಇಲ್ವಾಲಾ? ತತ್ತಾ ಓಗು."

ಬೀಗದ ಕೀಲಿ ನನಗೆ ಕೊಡುತ್ತಾರೆ ಅಂದುಕೊಂಡಿದ್ದೆ, ದೊಡ್ಡವಳು ನಾನು, ತಂಡ ಕಟ್ಟಿದವಳು. ಕೀಪರ್‌ಗೆ ಕೊಡುತ್ತೇನೆ ಅಂದರು. ಅವಳು ಬಂದು ತೆಗೆಯಬೇಕು, ಎಲ್ಲರೂ ಹೋದ ಮೇಲೆ ಅವಳೇ ಹಾಕಬೇಕು. ನನಗೆ ಒಂದು ಕ್ಷಣ ಚುರುಕ್ ಅಂದಿತು. ಆದರೆ ಸರಿಯಾಗಿಯೇ ಇತ್ತು. ಮೈಸೂರಿನಿಂದ ಕರೆ ಇನ್ನೂ ಬಂದಿಲ್ಲ. ಬಂದರೆ ರಜೆಯಲ್ಲಿ ಅವಳು ಅಲ್ಲಿಗೆ ಹೋಗುತ್ತಾಳೆ, ಆಗ ಕೀಲಿ ಯಾರ ಹತ್ತಿರ ಅಂತ ಈಗಲೇ ಉಳಿದ ಆರು ಜನ ಜಗಳ ಆಡುತ್ತಿದ್ದಾರೆ. ನಾನು ಮಾತ್ರ ಒಂದು ಹೊಸ ಅಭ್ಯಾಸ ಶುರು ಮಾಡಿದ್ದೇನೆ. ಚಾಮರಾಜನಗರದ ಕಡೆ ಕೊಳ ಇರುವವರನ್ನು ಕೇಳಿಕೊಂಡು ತಿಂಗಳಿಗೊಮ್ಮೆ ಹುಡುಗಿಯರನ್ನು ಕರೆದುಕೊಂಡು ಹೋಗುತ್ತೇನೆ. ಯಾವ ಶಬ್ದಕ್ಕೆ ಎಲ್ಲಿ ಹತ್ತಬೇಕು, ಎಲ್ಲಿ ಹತ್ತಬಾರದು ಅನ್ನುವುದನ್ನು ಕಲಿಯುವುದಕ್ಕೆ.

ಬಾಗಿಲು ಎಷ್ಟು ಅಗಲ ಇರಬೇಕು ಅಂತ ವೆಲ್ಡಿಂಗ್‌ನವನು ಅವತ್ತು ಟೇಪು ಹಿಡಿದು ಕೇಳಿದ. ತಾತ ಹುಡುಗಿಯರನ್ನು ಕರೆದು ಮೆಟ್ಟಿಲ ಮುಂದೆ ಸಾಲಾಗಿ ನಿಲ್ಲಿಸಿದರು, ಭುಜಕ್ಕೆ ಭುಜ ತಾಗಿಸಿ, ಒಂದೇ ಸಲಕ್ಕೆ ಎಷ್ಟು ಜನ ಆಚೆ ಬರಬಹುದು ಅಂತ ನೋಡಲು. ಮೂರು ಜನ ಹಿಡಿಸುವಷ್ಟು ಅಳತೆ ಹಿಡಿದು ಅವನು ಸೀಮೆಸುಣ್ಣದಲ್ಲಿ ಗೆರೆ ಎಳೆಯಲು ಬಗ್ಗಿದ. ಅಷ್ಟರಲ್ಲಿ ಹೊಲದ ಬದುವಿನ ಮೇಲೆ ಪಕ್ಕದ ಬೀದಿಯ ನಾಲ್ಕು ಹುಡುಗಿಯರು ಚೂಡಿದಾರದ ಪ್ಯಾಂಟು ಮೇಲಕ್ಕೆ ಸುತ್ತಿಕೊಂಡು ನಮ್ಮ ಕಡೆಗೇ ಬರುತ್ತಿದ್ದರು. ತಾತ ಅವರನ್ನು ನೋಡಿದರು.

"ಇನ್ನೆರಡು ಅಡಿ ಬುಡ್ಲಾ," ಅಂದರು.